ಸ್ಕ್ಯಾನ್ ಮಾಡಿದ ಪುಸ್ತಕಕ್ಕೆ ಅಳಿಯದ ಗುರುತು ಕೊಡುವುದು ಹೇಗೆ?

ಪ್ರಶ್ನೆ: ಮಲ್ಲೇಶ್ವರದ ಹಳೆಯ ಸಂಘವೊಂದರ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದೇನೆ. ಆರು ವರ್ಷಗಳಿಂದ ಸ್ವಯಂಸೇವಕರ ನೆರವಿನಿಂದ ಸುಮಾರು ಮೂರು ಸಾವಿರ ಕನ್ನಡ ಪುಸ್ತಕಗಳನ್ನೂ ಹಳೆಯ ಪತ್ರಿಕೆಗಳ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡಿ ನಮ್ಮ ಜಾಲತಾಣಕ್ಕೆ ಏರಿಸಿದ್ದೇವೆ. ಕಳೆದ ವರ್ಷ ಜಾಲತಾಣವನ್ನು ಹೊಸದಾಗಿ ಕಟ್ಟಿಸಿ, ಡೊಮೇನ್ ಹೆಸರನ್ನೂ ಬದಲಿಸಿದೆವು. ಮೊನ್ನೆ ಪಿಎಚ್‌.ಡಿ. ವಿದ್ಯಾರ್ಥಿನಿಯೊಬ್ಬರು ಬಂದು, ತಮ್ಮ ಪ್ರಬಂಧದ ಅಡಿಟಿಪ್ಪಣಿಗಳಲ್ಲಿರುವ ನಮ್ಮ ಕೊಂಡಿಗಳಲ್ಲಿ ಒಂದೂ ತೆರೆಯುವುದಿಲ್ಲ ಎಂದು ಬೇಸರಪಟ್ಟುಕೊಂಡರು. ಪ್ರಬಂಧ ಆಗಲೇ ಮುದ್ರಣವಾಗಿ ಸಲ್ಲಿಕೆಯಾಗಿದೆ. ಪ್ರತಿ ಪುಸ್ತಕಕ್ಕೂ ಶಾಶ್ವತ ಗುರುತು ಸಂಖ್ಯೆ ಕೊಡಬೇಕು ಎನ್ನುತ್ತಾರೆ. ಅದಕ್ಕಾಗಿ ಸಂಶೋಧನಾ ಲೇಖನಗಳಿಗೆ ಕೊಡುವ ಡಿಒಐ ಎಂಬ ಗುರುತು ಸಂಖ್ಯೆ ಕೊಳ್ಳಬೇಕೇ? ನಾವು ಹೊಸದಾಗಿ ಹಾಕಿಕೊಂಡಿರುವ, ಡಿಜಿಟಲ್ ಸಂಗ್ರಹ ನಡೆಸುವ ಡಿಸ್ಪೇಸ್ ತಂತ್ರಾಂಶವು ‘123456789/412’ ಎಂಬಂಥ ಹ್ಯಾಂಡಲ್ ಸಂಖ್ಯೆಗಳನ್ನು ತಾನೇ ಕೊಡುತ್ತಿದೆ, ಅಷ್ಟು ಸಾಲದೇ? ಅಥವಾ ಪುಸ್ತಕದ ಹೆಸರು, ಲೇಖಕರು, ವರ್ಷ ಸೇರಿಸಿ ನಾವೇ ಒಂದು ಗುರುತು ಕಟ್ಟಿಕೊಂಡರೆ ತಪ್ಪೇನು?

ಉತ್ತರ: ನಿಮ್ಮ ವಾಚನಾಲಯದ ಬೀರುವಿನಲ್ಲಿ ಉದ್ದನೆಯ ರಟ್ಟಿನ ಹೊದಿಕೆಯ ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಪುಸ್ತಕಗಳನ್ನು ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ಪುಸ್ತಕ, ಇರಲೇಬೇಕು. ಕಂಪ್ಯೂಟರ್ ಮುಂದೆ ಕೂರುವ ಮೊದಲು ಅದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿಡಿ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಅದರಲ್ಲೇ ಇದೆ.

ಪುಸ್ತಕದ ಬೆನ್ನ ಮೇಲೆ ಕಾಲ್ ನಂಬರ್ ಇರುತ್ತದೆ, ಒಳಪುಟದಲ್ಲಿ ಅಕ್ಸೆಷನ್ ನಂಬರ್ ಇರುತ್ತದೆ. ಕಾಲ್ ನಂಬರ್ ಹೇಳುವುದು ಪುಸ್ತಕ ಯಾವ ಕಪಾಟಿನಲ್ಲಿ, ಯಾವುದರ ಪಕ್ಕದಲ್ಲಿ ನಿಲ್ಲಬೇಕು ಎಂಬುದನ್ನು. ವರ್ಗೀಕರಣ ಬದಲಾದರೆ, ಹೊಸ ಕೊಠಡಿ ಬಂದರೆ, ಅದನ್ನು ಕೆರೆದು ಬೇರೆ ಚೀಟಿ ಅಂಟಿಸುತ್ತೇವೆ. ಅಕ್ಸೆಷನ್ ನಂಬರ್ ಹಾಗಲ್ಲ. 1,847 ಎಂದು ಒಮ್ಮೆ ಬರೆದರೆ ಆ ಪ್ರತಿ ಇರುವವರೆಗೂ 1,847. ಪುಸ್ತಕ ಕಳೆದುಹೋದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಷರಾ ಕಾಲಂನಲ್ಲಿ ಕೆಂಪು ಶಾಯಿಯಿಂದ ‘ಕಳೆದಿದೆ’ ಎಂದೋ ‘ರದ್ದು’ ಎಂದೋ ಬರೆದು, ದಿನಾಂಕ ಹಾಕಿ, ಸಹಿ ಮಾಡುತ್ತೇವೆ. ನಿಮ್ಮ ಹಿಂದಿನವರು ಎಷ್ಟೋ ದಶಕ ಈ ಶಿಸ್ತನ್ನು ತಪ್ಪದೆ ಪಾಲಿಸಿದ್ದಾರೆ. ಜಾಲತಾಣ ಕಟ್ಟುವಾಗ ಮಾತ್ರ ನಾವೆಲ್ಲರೂ ಅದನ್ನು ಮರೆತೆವು. ಕಪಾಟಿನ ವಿಳಾಸವನ್ನೇ ಪುಸ್ತಕದ ಹೆಸರೆಂದು ಜನರಿಗೆ ಕೊಟ್ಟೆವು.

ಆ ವಿದ್ಯಾರ್ಥಿನಿಯ ಅಡಿಟಿಪ್ಪಣಿಯಲ್ಲಿರುವ ಒಂದು ಕೊಂಡಿಯನ್ನು ಬಿಡಿಸಿ ನೋಡಿ. ಮೊದಲು ನಿಮ್ಮ ಡೊಮೇನ್ ಹೆಸರು, ಅದು ಈಗಾಗಲೇ ಬದಲಾಗಿದೆ. ನಂತರ ಬಹುಶಃ ‘ಹೊಸದು’ ಎಂಬ ಅರ್ಥದ ಒಂದು ಫೋಲ್ಡರ್. ಆರು ವರ್ಷದ ಹಿಂದೆ ಅದು ಹೊಸದಾಗಿತ್ತು. ನಂತರ ‘ಪುಸ್ತಕಗಳು’ ಎಂಬ ವಿಭಾಗ, ಅದನ್ನು ಯಾರೋ ‘ಗ್ರಂಥಗಳು’ ಎಂದು ತಿದ್ದಿರುತ್ತಾರೆ. ಆಮೇಲೆ ಪಿಎಚ್‌ಪಿ ಎಂಬ, ಹಳೆಯ ತಾಣ ಬರೆದ ಭಾಷೆಯ ಹೆಸರಿನ ಬಾಲ, ತಂತ್ರಾಂಶ ಬದಲಾದ ದಿನವೇ ಅದು ಉದುರಿತು. ಕೊನೆಗೆ 412 ಎಂಬ ಸಂಖ್ಯೆ. ಅದು ದತ್ತಾಂಶದ ಕೋಷ್ಟಕದಲ್ಲಿ ಆ ಪುಸ್ತಕ ಕುಳಿತಿದ್ದ ಸಾಲಿನ ಸಂಖ್ಯೆಯೇ ಹೊರತು ಪುಸ್ತಕದ ಗುರುತಲ್ಲ. ಹೊಸ ತಂತ್ರಾಂಶಕ್ಕೆ ಎಲ್ಲವನ್ನೂ ಮತ್ತೆ ಏರಿಸಿದಾಗ 412ನೆಯ ಸಾಲಿನಲ್ಲಿ ಬೇರೆಯದೇ ಪುಸ್ತಕ ಕುಳಿತಿರಬಹುದು. ಕೊಂಡಿ ತೆರೆಯದಿರುವುದಕ್ಕಿಂತ ಇದು ಕೆಟ್ಟದ್ದು. ಒಂದು ಪುಸ್ತಕದ ಉಲ್ಲೇಖ ಸದ್ದಿಲ್ಲದೆ ಇನ್ನೊಂದು ಪುಸ್ತಕಕ್ಕೆ ಹೋಗಿ ಕೂರುತ್ತದೆ, ಓದುಗರಿಗೆ ಅನುಮಾನವೂ ಬರುವುದಿಲ್ಲ.

ಇದು ನಿಮ್ಮ ಸಂಘವೊಂದರ ಕಷ್ಟವಲ್ಲ. 2013ರಲ್ಲಿ ಅಂತರ್ಜಾಲದಲ್ಲಿದ್ದ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿದೆ. ನಮ್ಮೂರಿನದೇ ಉದಾಹರಣೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಾಲತಾಣಗಳ ವಿಳಾಸದಲ್ಲಿ ಬಹಳ ಕಾಲ ‘ಎರ್ನೆಟ್’ ಎಂಬ ಪದವಿತ್ತು, ನಂತರ ಸಂಸ್ಥೆಯ ಡೊಮೇನ್ ಬದಲಾಯಿತು. ಆ ಹಳೆಯ ಡೊಮೇನ್‌ನಲ್ಲೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಇತ್ತು. ಲಕ್ಷಾಂತರ ಪುಸ್ತಕಗಳ ಸ್ಕ್ಯಾನ್ ಇದ್ದ ಆ ತಾಣ ಈಗ ಹಳೆಯ ವಿಳಾಸದಲ್ಲಿಲ್ಲ. ಆದರೆ ಅಲ್ಲಿನ ಬಹಳಷ್ಟು ಪುಸ್ತಕಗಳು ಅಮೆರಿಕದ ಉಚಿತ ಡಿಜಿಟಲ್ ಗ್ರಂಥಾಲಯವಾದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಅವುಗಳ ಗುರುತನ್ನು ಗಮನಿಸಿದ್ದೀರಾ? ‘ಇನ್, ಎರ್ನೆಟ್, ಡಿಎಲ್‌ಐ, 2015’ ಎಂದು ಶುರುವಾಗಿ ಕೊನೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ಆ ತಾಣ ಹೋದರೂ ಅದರ ಹೆಸರೂ ಸಂಖ್ಯೆಯೂ ಪುಸ್ತಕದ ಮೈಮೇಲೆ ಉಳಿದಿವೆ. ಆ ಸಂಗ್ರಹದ ಎಷ್ಟೋ ಕನ್ನಡ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ಗುರುತು ಸಿಗದಷ್ಟು ಬಗೆಬಗೆಯ ಕಾಗುಣಿತದಲ್ಲಿವೆ. ಹೆಸರು ಕೈಕೊಟ್ಟಲ್ಲೂ ಸಂಖ್ಯೆ ಕೈಕೊಡಲಿಲ್ಲ. ಆ ಸಂಖ್ಯೆ ಹಿಡಿದು ನಾನು ಹುಡುಕಿಕೊಂಡ ಪುಸ್ತಕಗಳು ಒಂದೆರಡಲ್ಲ.

ಹಾಗಾದರೆ ಶಾಶ್ವತ ಗುರುತು ಎಂದರೇನು? ಎರಡು ವಸ್ತುಗಳು ಸೇರಿ ಆಗುವ ವ್ಯವಸ್ಥೆ ಅದು. ಒಂದು, ಎಂದೂ ಬದಲಾಗದ ಹೆಸರು. ಇನ್ನೊಂದು, ಆ ಹೆಸರಿನ ಎದುರು ಇಂದಿನ ವಿಳಾಸವನ್ನು ಬರೆದಿಟ್ಟ ಪಟ್ಟಿ. ಓದುಗರು ಹೆಸರನ್ನು ಒತ್ತಿದರೆ ಮಧ್ಯದಲ್ಲಿರುವ ಸರ್ವರ್ ಪಟ್ಟಿ ನೋಡಿ, ಇಂದು ಆ ಪುಸ್ತಕ ಇರುವ ಪುಟಕ್ಕೆ ಕಳುಹಿಸುತ್ತದೆ. ಅದನ್ನು ರಿಸಾಲ್ವರ್ ಎನ್ನುತ್ತಾರೆ. ಪುಸ್ತಕ ಎಲ್ಲಿಗೇ ಹೋಗಲಿ, ನೀವು ತಿದ್ದಬೇಕಾದದ್ದು ಪಟ್ಟಿಯ ಒಂದು ಸಾಲನ್ನು. ಮುದ್ರಣವಾದ ಪ್ರಬಂಧವನ್ನು ಯಾರೂ ತಿದ್ದಬೇಕಾಗಿಲ್ಲ. ತಂತ್ರಜ್ಞಾನ ಇರುವುದು ಇಷ್ಟೇ, ನಿಜವಾಗಿ ಇಷ್ಟೇ. ಆ ಸಾಲನ್ನು ತಿದ್ದುವವರು ಹತ್ತು ವರ್ಷದ ನಂತರವೂ ಇರುತ್ತಾರೆಯೇ ಎಂಬುದೇ ಇಡೀ ಪ್ರಶ್ನೆ.

ಈಗ ನಿಮ್ಮ ಡಿಸ್ಪೇಸ್ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. 123456789 ಎಂಬುದು ನಿಮ್ಮ ಸಂಖ್ಯೆಯಲ್ಲ. ಡಿಸ್ಪೇಸ್ ಸ್ಥಾಪಿಸಿದಾಗ ಸೆಟ್ಟಿಂಗ್ ಕಡತದಲ್ಲಿ ಮಾದರಿಗಾಗಿ ಇಟ್ಟಿರುವ ಅಂಕಿ ಅದು. ಬ್ಯಾಂಕಿನ ಮಾದರಿ ಚೆಕ್ಕಿನ ಮೇಲೆ ಅಚ್ಚಾದ ಖಾತೆ ಸಂಖ್ಯೆ ಇದ್ದ ಹಾಗೆ. ಹ್ಯಾಂಡಲ್ ವ್ಯವಸ್ಥೆಯಲ್ಲಿ ಓರೆಗೆರೆಯ ಎಡಕ್ಕಿರುವುದು ಸಂಸ್ಥೆಯ ಸಂಖ್ಯೆ, ಬಲಕ್ಕಿರುವುದು ವಸ್ತುವಿನ ಸಂಖ್ಯೆ. ಎಡಗಡೆಯ ಸಂಖ್ಯೆಯನ್ನು ನೋಂದಾಯಿಸಿಕೊಂಡು, ಹ್ಯಾಂಡಲ್ ಸರ್ವರ್ ಚಾಲೂ ಇಟ್ಟರೆ ಮಾತ್ರ ಜಗತ್ತಿನ ಬೇರೆ ಕಂಪ್ಯೂಟರ್‌ಗಳಿಗೆ ಆ ಹೆಸರು ಅರ್ಥವಾಗುತ್ತದೆ. ನೋಂದಾಯಿಸದೆ ಹಾಗೆಯೇ ಬಿಟ್ಟವರು ನೀವು ಮೊದಲಿಗರಲ್ಲ. 123456789 ಹೊತ್ತ ಪ್ರಬಂಧ, ವರದಿಗಳು ದೇಶ ವಿದೇಶಗಳ ಭಂಡಾರಗಳಲ್ಲಿ ಇಂದಿಗೂ ಕಾಣುತ್ತವೆ. 123456789/412 ಎಂಬುದು ನಿಮ್ಮಲ್ಲೂ ಇದೆ, ಇನ್ನೆಷ್ಟೋ ಕಡೆಯೂ ಇದೆ. ಒಂದೊಂದು ಕಡೆ ಒಂದೊಂದು ವಸ್ತು. ನೋಡಲು ಶಾಶ್ವತ ಗುರುತಿನಂತೆಯೇ ಕಾಣುವುದರಿಂದ ಜನ ನಂಬಿ ಉಲ್ಲೇಖಿಸುತ್ತಾರೆ. ದಯವಿಟ್ಟು ಇವತ್ತೇ ಆ ಸಾಲನ್ನು ಪುಟದಿಂದ ಮರೆಮಾಡಿ.

ಸರಿಯಾಗಿ ನೋಂದಾಯಿಸಿದರೆ ಇದೇ ಹ್ಯಾಂಡಲ್ ಎಷ್ಟು ಗಟ್ಟಿ ಎಂಬುದಕ್ಕೆ ನಿಮ್ಮ ವಿದ್ಯಾರ್ಥಿನಿಯ ಪ್ರಬಂಧವೇ ಸಾಕ್ಷಿಯಾಗಲಿದೆ. ಅದು ಭಾರತೀಯ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳ ಭಂಡಾರವಾದ ಶೋಧಗಂಗಾ ಸೇರಿದಾಗ ಅದಕ್ಕೆ 10603 ಎಂದು ಶುರುವಾಗುವ ಹ್ಯಾಂಡಲ್ ಸಿಗುತ್ತದೆ. ಅದು ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆಯಾದ ಇನ್‌ಫ್ಲಿಬ್‌ನೆಟ್ ಶೋಧಗಂಗಾಕ್ಕಾಗಿ ಪಡೆದಿರುವ ಸಂಖ್ಯೆ. ಅಂದರೆ ಪ್ರಬಂಧ ಎಂದಿಗೂ ಸಿಗುತ್ತದೆ, ಅದರ ಅಡಿಟಿಪ್ಪಣಿಗಳು ಮಾತ್ರ ಸತ್ತಿರುತ್ತವೆ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಹ್ಯಾಂಡಲ್ ವ್ಯವಸ್ಥೆಯ ಮೂಲಪುರುಷ ರಾಬರ್ಟ್ ಕಾನ್, ಅಂತರ್ಜಾಲದ ಬುನಾದಿಯಾದ ಟಿಸಿಪಿ-ಐಪಿ ನಿಯಮಗಳನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು. ಡಿಒಐ ಕೂಡ ಇದೇ ಹ್ಯಾಂಡಲ್ ವ್ಯವಸ್ಥೆಯ ಮೇಲೆ ನಿಂತಿದೆ. ಎಡಗಡೆಯ ಸಂಖ್ಯೆ ‘10.’ ಎಂದು, ಅಂದರೆ ಹತ್ತು ಮತ್ತು ಒಂದು ಚುಕ್ಕೆಯಿಂದ, ಶುರುವಾಗುತ್ತದೆ ಎಂಬುದೇ ಕಣ್ಣಿಗೆ ಕಾಣುವ ವ್ಯತ್ಯಾಸ. ಕಾಣದ ವ್ಯತ್ಯಾಸ ದೊಡ್ಡದು. ಡಿಒಐ ಕೊಡುವುದು 2000ದಲ್ಲಿ ಶುರುವಾದ ಕ್ರಾಸ್‌ರೆಫ್, 2009ರಲ್ಲಿ ಶುರುವಾದ ಡೇಟಾಸೈಟ್‌ನಂಥ ನೋಂದಣಿ ಸಂಸ್ಥೆಗಳು. ಅವುಗಳಿಗೆ ಶುಲ್ಕ ಕಟ್ಟಿ ಸದಸ್ಯರಾಗಬೇಕು, ನಿಗದಿತ ವಿವರಗಳನ್ನು ನಿಗದಿತ ರೂಪದಲ್ಲಿ ಒದಗಿಸಬೇಕು, ಕೊಂಡಿಗಳನ್ನು ಸರಿಯಾಗಿಟ್ಟುಕೊಳ್ಳುವ ಕರಾರಿಗೆ ಬದ್ಧರಾಗಬೇಕು. ಸಂಶೋಧನಾ ಪತ್ರಿಕೆ ನಡೆಸುವವರು, ದತ್ತಾಂಶ ಪ್ರಕಟಿಸುವವರು ಕಣ್ಣುಮುಚ್ಚಿ ಡಿಒಐ ತೆಗೆದುಕೊಳ್ಳಲಿ. ಒಂದು ಲೇಖನ ಇನ್ನೊಂದನ್ನು ಉಲ್ಲೇಖಿಸುವ ಜಾಲವೆಲ್ಲ ಅದರ ಮೇಲೆಯೇ ನಡೆಯುತ್ತದೆ. ನಿಮ್ಮ ಸಂಗ್ರಹದಲ್ಲಿರುವುದು ಹಳೆಯ ಮಾಸಪತ್ರಿಕೆಗಳು, ಕಥಾಸಂಕಲನಗಳು, ಸಂಘದ ವಾರ್ಷಿಕ ವರದಿಗಳು, ಮುದ್ರಕರ ಹೆಸರೂ ಹರಿದುಹೋದ ಕಿರುಹೊತ್ತಗೆಗಳು. ಚಂದಾ ಹಣದಲ್ಲಿ ನಡೆಯುವ ಸಂಘ ಪ್ರತಿ ವರ್ಷ ಶುಲ್ಕ ಕಟ್ಟುತ್ತಲೇ ಇರಬೇಕಾದ ಗುರುತನ್ನು ನಾನು ಶಿಫಾರಸು ಮಾಡುವುದಿಲ್ಲ.

ಪರ್ಲ್ ಎಂಬ ಇನ್ನೊಂದು ಶಾಶ್ವತ ಕೊಂಡಿ ವ್ಯವಸ್ಥೆ ಇದೆ, 1995ರಲ್ಲಿ ಗ್ರಂಥಾಲಯಗಳ ಸಹಕಾರ ಸಂಸ್ಥೆಯಾದ ಒಸಿಎಲ್‌ಸಿ ಆರಂಭಿಸಿ 2016ರಲ್ಲಿ ಇಂಟರ್‌ನೆಟ್ ಆರ್ಕೈವ್‌ಗೆ ವಹಿಸಿದ್ದು. ಯುಆರ್‌ಎನ್ ಎಂಬ ಮತ್ತೊಂದು ಬಗೆಯ ಗುರುತನ್ನು ಜರ್ಮನಿ, ಫಿನ್ಲೆಂಡ್‌ಗಳ ರಾಷ್ಟ್ರೀಯ ಗ್ರಂಥಾಲಯಗಳು ಬಳಸುತ್ತವೆ. ಐಎಸ್‌ಬಿಎನ್ ನಿಮಗೆ ಒದಗುವುದಿಲ್ಲ: 1970ಕ್ಕೆ ಮುಂಚಿನ ಪುಸ್ತಕಗಳಿಗೆ ಅದು ಇಲ್ಲ, ಇದ್ದರೂ ಅದು ಆವೃತ್ತಿಯ ಗುರುತೇ ಹೊರತು ನಿಮ್ಮ ಸ್ಕ್ಯಾನ್‌ನ ಗುರುತಲ್ಲ.

ನಿಮಗೆ ನಾನು ಹೇಳುವುದು ಆರ್ಕ್. ಅಮೆರಿಕದ ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿಯಲ್ಲಿ ಬೆಳೆದ ಈ ಪದ್ಧತಿ 2001ರಿಂದ ಬಳಕೆಯಲ್ಲಿದೆ. ಸಂಸ್ಥೆಯ ಸಂಖ್ಯೆಗೆ ಅರ್ಜಿ ಹಾಕಿದರೆ ಐದು ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಆ ಸಂಖ್ಯೆಯಡಿ ಎಷ್ಟು ಹೆಸರುಗಳನ್ನು ಬೇಕಾದರೂ ಹುಟ್ಟಿಸಿಕೊಳ್ಳಬಹುದು, ಅದಕ್ಕೂ ಶುಲ್ಕವಿಲ್ಲ. ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ಸಂಖ್ಯೆ 12148; ಅವರ ಗ್ಯಾಲಿಕಾ ಡಿಜಿಟಲ್ ಗ್ರಂಥಾಲಯವೆಲ್ಲ ಇದರ ಮೇಲೆ ನಡೆಯುತ್ತದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾವುದಾದರೂ ಹಳೆಯ ಕನ್ನಡ ಪುಸ್ತಕದ ಪುಟ ತೆರೆದು ಕೆಳಗಿನ ವಿವರಗಳನ್ನು ಓದಿ. ಬಹಳಷ್ಟು ಕಡೆ 13960 ಎಂದು ಶುರುವಾಗುವ ಆರ್ಕ್ ಕಾಣುತ್ತದೆ. ನಮಗೆ ಗೊತ್ತಿಲ್ಲದೆಯೇ ನಾವು ಅದನ್ನು ನೋಡುತ್ತ ಬಂದಿದ್ದೇವೆ.

ಅರ್ಜಿ ಹಾಕುವಾಗ ನಿಮ್ಮ ಸಂಖ್ಯೆಯ ಕೊಂಡಿಗಳನ್ನು ಒತ್ತಿದವರನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು ಎಂದು ತಿಳಿಸುತ್ತೀರಿ. ಎನ್‌2ಟಿ ಎಂಬ ಸಾರ್ವತ್ರಿಕ ರಿಸಾಲ್ವರ್ ಆ ಸಾಲನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ನಿಮ್ಮ ಡೊಮೇನ್ ಮತ್ತೆ ಬದಲಾದರೆ ಅಲ್ಲಿಗೆ ಒಂದು ಪತ್ರ ಬರೆದು ಆ ಒಂದು ಸಾಲು ತಿದ್ದಿಸಿದರೆ ಮೂರು ಸಾವಿರ ಕೊಂಡಿಗಳೂ ಒಟ್ಟಿಗೆ ಹೊಸ ಮನೆಗೆ ಬರುತ್ತವೆ. ಡೊಮೇನ್ ಒಮ್ಮೆ ಬದಲಿಸಿರುವ ನೀವು ಜನರಿಗೆ ಕೊಡುವ ಕೊಂಡಿಯನ್ನು ಎನ್‌2ಟಿ ವಿಳಾಸದಿಂದಲೇ ಶುರುಮಾಡಿ. ಸ್ವಂತ ಡೊಮೇನ್ ಹೆಸರು ಕಾಣಬೇಕೆಂಬ ಆಸೆ ಸಂಘದ ಹಿರಿಯರಿಗೆ ಇರುತ್ತದೆ, ನನಗದು ಅರ್ಥವಾಗುತ್ತದೆ. ಆದರೆ ಓದುಗರಿಗೆ ಬೇಕಾದದ್ದು ಪುಸ್ತಕ.

ಇನ್ನು, ಹೆಸರು ವರ್ಷ ಸೇರಿಸಿ ನಾವೇ ಕಟ್ಟಿಕೊಂಡರೆ ತಪ್ಪೇನು ಎಂದು ಕೇಳಿದ್ದೀರಿ. ಬೆಂಗಳೂರಿನ ಗೇಟುಗಳ ಮೇಲೆ ‘ಹಳೆ ನಂ. 14, ಹೊಸ ನಂ. 27’ ಎಂದು ಬರೆದಿರುವುದನ್ನು ದಿನವೂ ನೋಡುತ್ತೇವೆ. ಆಸ್ತಿ ತೆರಿಗೆ ಕಟ್ಟಲು ಪಾಲಿಕೆ ಕೊಟ್ಟ ಪಿಐಡಿ ಸಂಖ್ಯೆಯಲ್ಲಿ ವಾರ್ಡ್, ರಸ್ತೆ, ನಿವೇಶನ ಮೂರೂ ಅಡಗಿವೆ. ನೋಡಿದೊಡನೆ ಅರ್ಥವಾಗಲಿ ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತು. ಆದರೆ ನೂರು ಇದ್ದ ವಾರ್ಡ್‌ಗಳು 198 ಆದವು, ಮತ್ತೆ ವಿಂಗಡಣೆಯಾದವು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಮನೆ ಇದ್ದಲ್ಲೇ ಇದೆ, ಅದರ ಸಂಖ್ಯೆಯೊಳಗಿನ ಅರ್ಥ ಮಾತ್ರ ಹಳತಾಗುತ್ತ ಹೋಯಿತು. ಗುರುತಿನೊಳಗೆ ಅರ್ಥ ತುಂಬಿದಷ್ಟೂ ಅದು ಸುಳ್ಳಾಗುವ ದಿನ ಹತ್ತಿರವಾಗುತ್ತದೆ.

ಪುಸ್ತಕದಲ್ಲೂ ಹೀಗೆಯೇ. 1923ರದು ಎಂದುಕೊಂಡದ್ದು ಮರುಮುದ್ರಣ ಎಂದು ಮುಂದೊಂದು ದಿನ ತಿಳಿಯುತ್ತದೆ. ಕಾವ್ಯನಾಮದ ಹಿಂದಿನ ಲೇಖಕರು ಬೇರೆಯವರೆಂದು ಸಂಶೋಧಕರು ತೋರಿಸುತ್ತಾರೆ. ಆಗ ಗುರುತನ್ನು ತಿದ್ದಿದರೆ ಹಳೆಯ ಉಲ್ಲೇಖಗಳು ಸಾಯುತ್ತವೆ, ತಿದ್ದದಿದ್ದರೆ ಗುರುತೇ ತಪ್ಪು ಹೇಳುತ್ತ ನಿಲ್ಲುತ್ತದೆ. ಎರಡೂ ಬೇಡ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಳಕಾರಕ್ಕೆ ದೊಡ್ಡಕ್ಷರವೋ ಚಿಕ್ಕಕ್ಷರವೋ, ದೀರ್ಘಕ್ಕೆ ಎರಡಕ್ಷರವೋ ಒಂದೋ ಎಂಬುದರಲ್ಲಿ ಮೂವರು ಸ್ವಯಂಸೇವಕರು ಮೂರು ದಾರಿ ಹಿಡಿಯುತ್ತಾರೆ. ಕನ್ನಡ ಲಿಪಿಯಲ್ಲೇ ಇಟ್ಟರೆ? ಯೂನಿಕೋಡ್‌ನಲ್ಲಿ ‘ಕನ್ನಡ’ ಎಂಬ ಪದ ಐದು ಸಂಕೇತಗಳು: ಕ, ನ, ಹಲಂತ ಚಿಹ್ನೆ, ಮತ್ತೆ ನ, ಡ. ಒಂದೊಂದಕ್ಕೆ ಮೂರು ಬೈಟ್. ಕೊಂಡಿಯನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಐದು ಸಂಕೇತದ ಪದ 45 ಅಕ್ಷರದ ಸರಪಳಿಯಾಗುತ್ತದೆ. ಅದನ್ನು ಅಡಿಟಿಪ್ಪಣಿಯಲ್ಲಿ ಮುದ್ರಿಸಿದರೆ ಯಾರು ಬೆರಳಚ್ಚಿಸಿಯಾರು? ಇದಕ್ಕಿಂತ ಸೂಕ್ಷ್ಮವಾದದ್ದು ಒತ್ವದ ವಿಷಯ. ‘ಕೊ’ ಎಂಬುದನ್ನು ಕಕಾರದ ಮುಂದೆ ಒಂದೇ ಚಿಹ್ನೆಯಾಗಿಯೂ ದಾಖಲಿಸಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ದಾಖಲಿಸಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರ್‌ಗೆ ಮಾತ್ರ ಎರಡು ಬೇರೆ ಬೇರೆ ಕೊಂಡಿಗಳು. ಶೀರ್ಷಿಕೆಯನ್ನು ವಿವರಗಳ ಪುಟದಲ್ಲಿ ಚೆಂದವಾಗಿ ಕನ್ನಡದಲ್ಲೇ ಬರೆಯಿರಿ, ಹುಡುಕಾಟ ಅದರಿಂದಲೇ ನಡೆಯಲಿ. ಗುರುತಿನೊಳಗೆ ಅದನ್ನು ತರಬೇಡಿ.

ಆರ್ಕ್ ಹೆಸರುಗಳನ್ನು ಹುಟ್ಟಿಸಲು ನಾಯ್ಡ್ ಎಂಬ ಉಚಿತ ಸಾಧನವಿದೆ. ಅದು ಬಳಸುವ ಅಕ್ಷರಮಾಲೆಯ ಹಿಂದಿನ ವಿವೇಚನೆ ನನಗೆ ತುಂಬ ಇಷ್ಟ. ಹತ್ತು ಅಂಕಿಗಳು, ಹತ್ತೊಂಬತ್ತು ಇಂಗ್ಲಿಷ್ ವ್ಯಂಜನಗಳು, ಒಟ್ಟು 29. ಸ್ವರಗಳಿಲ್ಲ, ಏಕೆಂದರೆ ಸ್ವರ ಇದ್ದರೆ ಆಕಸ್ಮಿಕವಾಗಿ ಯಾವುದೋ ಪದ, ಕೆಲವೊಮ್ಮೆ ಕೆಟ್ಟ ಪದ, ಮೂಡಿಬಿಡಬಹುದು. ‘ಎಲ್’ ಅಕ್ಷರವನ್ನೂ ಬಿಟ್ಟಿದ್ದಾರೆ, ಅದು ಒಂದು ಎಂಬ ಅಂಕಿಯಂತೆ ಕಾಣುತ್ತದೆ. 29 ಅವಿಭಾಜ್ಯ ಸಂಖ್ಯೆ ಆಗಿರುವುದಕ್ಕೂ ಕಾರಣವಿದೆ. ಹೆಸರಿನ ಕೊನೆಗೆ, ಬೆರಳಚ್ಚಿನ ತಪ್ಪು ಹಿಡಿಯಲು, ಒಂದು ತಾಳೆ ಅಕ್ಷರ ಸೇರಿಸುತ್ತಾರೆ. ಲೆಕ್ಕವನ್ನು ಸರಳವಾಗಿಸಲು ಹೆಸರಿನ ಭಾಗ ಮಾತ್ರ ತೆಗೆದುಕೊಳ್ಳೋಣ: 70438. ಮೊದಲ ಅಂಕಿಯನ್ನು ಒಂದರಿಂದ, ಎರಡನೆಯದನ್ನು ಎರಡರಿಂದ, ಹೀಗೆ ಸ್ಥಾನದಿಂದ ಗುಣಿಸಿ ಕೂಡಿ. 7, 0, 12, 12, 40, ಒಟ್ಟು 71. ಅದನ್ನು 29ರಿಂದ ಭಾಗಿಸಿದರೆ ಶೇಷ 13. ಆ ಶೇಷಕ್ಕೆ ಹೊಂದುವ ಅಕ್ಷರವೇ ತಾಳೆ ಅಕ್ಷರ. ಯಾರೋ ಬೆರಳಚ್ಚಿಸುವಾಗ ನಡುವಿನ ಎರಡು ಅಂಕಿ ಅದಲುಬದಲಾಗಿ 70348 ಆಯಿತೆನ್ನಿ. ಆಗ 7, 0, 9, 16, 40. ಒಟ್ಟು 72, ಶೇಷ 14. ತಾಳೆ ಅಕ್ಷರ ಹೊಂದುವುದಿಲ್ಲ. ‘ಸಂಖ್ಯೆ ತಪ್ಪಿದೆ, ಮತ್ತೊಮ್ಮೆ ನೋಡಿ’ ಎಂದು ನಿಮ್ಮ ಪುಟ ಹೇಳಬಲ್ಲದು. ಬೇರೆ ಪುಸ್ತಕಕ್ಕೆ ಕರೆದೊಯ್ಯುವುದಿಲ್ಲ. ಮುದ್ರಿತ ಪುಟ ನೋಡಿ ಕೈಯಿಂದ ಬೆರಳಚ್ಚಿಸುವ ಓದುಗರು ಇರುವವರೆಗೆ ಈ ಒಂದು ಅಕ್ಷರವನ್ನು ಉಳಿಸಿಕೊಳ್ಳಿ.

ಯಾವುದಕ್ಕೆ ಗುರುತು ಕೊಡಬೇಕು ಎಂಬುದು ನೀವು ಕೇಳದ ಪ್ರಶ್ನೆ. ಆದರೆ ಕೆಲಸ ಶುರುವಾದ ಮೂರನೆಯ ದಿನಕ್ಕೆ ಅದೇ ಎದುರಾಗುತ್ತದೆ. ಹಳೆಯ ಮಾಸಪತ್ರಿಕೆಗಳನ್ನು ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಬೈಂಡ್ ಮಾಡಿಸಿರುತ್ತಾರೆ, ಸ್ಕ್ಯಾನ್ ಕೂಡ ಒಂದೇ ಪಿಡಿಎಫ್ ಆಗಿರುತ್ತದೆ. ಆ ಪಿಡಿಎಫ್‌ಗೆ ಒಂದು ಗುರುತು ಕೊಟ್ಟು ಮುಗಿಸಬೇಡಿ. ಓದುಗರು ಉಲ್ಲೇಖಿಸುವುದು ಬೈಂಡನ್ನಲ್ಲ, ಸಂಚಿಕೆಯನ್ನು. ಆದ್ದರಿಂದ ಪತ್ರಿಕೆಗೆ ಒಂದು, ಪ್ರತಿ ಸಂಚಿಕೆಗೆ ಒಂದು ಗುರುತು ಕೊಡಿ. ಪುಟಕ್ಕೆ ಬೇರೆ ಗುರುತು ಬೇಡ. ಆರ್ಕ್‌ನಲ್ಲಿ ಹೆಸರಿನ ಮುಂದೆ ಓರೆಗೆರೆ ಹಾಕಿ ಭಾಗವನ್ನು ಸೂಚಿಸಲು ಅವಕಾಶವಿದೆ, 17ನೆಯ ಪುಟವನ್ನು ಹಾಗೆಯೇ ಸೂಚಿಸಬಹುದು. ಅದೇ ಸಂಚಿಕೆಯ ಎರಡು ಪ್ರತಿಗಳು ನಿಮ್ಮಲ್ಲಿವೆ, ಒಂದರಲ್ಲಿ ಜಾಹೀರಾತಿನ ಹಾಳೆಗಳು ಉಳಿದಿವೆ, ಇನ್ನೊಂದರ ಅಂಚಿನಲ್ಲಿ ಹಿಂದಿನ ಓದುಗರೊಬ್ಬರು ಪೆನ್ಸಿಲ್‌ನಿಂದ ಟಿಪ್ಪಣಿ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ನಾನಾದರೆ ಅವೆರಡಕ್ಕೂ ಬೇರೆ ಬೇರೆ ಗುರುತು ಕೊಡುತ್ತೇನೆ. ಅಕ್ಸೆಷನ್ ರಿಜಿಸ್ಟರಿನಲ್ಲೂ ಅವು ಎರಡು ಸಾಲುಗಳೇ. ಅದೇ ಪ್ರತಿಯನ್ನು ಒಳ್ಳೆಯ ಯಂತ್ರದಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೆ ಹೊಸ ಗುರುತು ಬೇಡ; ವಿವರಗಳ ಪುಟದಲ್ಲಿ ದಿನಾಂಕದೊಂದಿಗೆ ನಮೂದಿಸಿ.

ಗುರುತು ನೇರವಾಗಿ ಪಿಡಿಎಫ್‌ಗೆ ಹೋಗದೆ ವಿವರಗಳ ಪುಟಕ್ಕೆ ಹೋಗಲಿ. ಕೃತಿಸ್ವಾಮ್ಯದ ಮಾತು ಬಂದಾಗ ಇದರ ಬೆಲೆ ತಿಳಿಯುತ್ತದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು ಅರವತ್ತು ವರ್ಷದವರೆಗೆ ಹಕ್ಕು ವಾರಸುದಾರರದು. ಕುಟುಂಬದವರು ಬಂದು ತೆಗೆಯಿರಿ ಎಂದರೆ ಸ್ಕ್ಯಾನ್ ತೆಗೆಯಲೇಬೇಕು. ಆದರೆ ಪುಟವನ್ನು ಅಳಿಸಬೇಡಿ. ಶೀರ್ಷಿಕೆ, ಲೇಖಕರು, ವರ್ಷ ಹಾಗೆಯೇ ಇಟ್ಟು, ‘ಹಕ್ಕುದಾರರ ಕೋರಿಕೆಯಂತೆ ಇಂಥ ದಿನಾಂಕ ಹಿಂತೆಗೆಯಲಾಗಿದೆ, ಮೂಲ ಪ್ರತಿ ವಾಚನಾಲಯದಲ್ಲಿ ನೋಡಲು ಲಭ್ಯ’ ಎಂದು ಬರೆಯಿರಿ. ರಿಜಿಸ್ಟರಿನ ಕೆಂಪು ಶಾಯಿಯ ಷರಾ ಇದೇ ಅಲ್ಲವೇ?

ನಾನು ನೆರವಾಗುತ್ತಿದ್ದ ಒಂದು ಸಂಸ್ಥೆಯಲ್ಲಿ ಆದದ್ದನ್ನು ಹೇಳುತ್ತೇನೆ. ಡೊಮೇನ್ ಹೆಸರನ್ನು ಉತ್ಸಾಹಿ ಯುವಕರೊಬ್ಬರು ತಮ್ಮ ಹೆಸರಿನಲ್ಲಿ, ತಮ್ಮ ಕಾರ್ಡಿನಲ್ಲಿ ಹಣ ಕಟ್ಟಿ ಪಡೆದಿದ್ದರು. ಅವರು ವಿದೇಶಕ್ಕೆ ಹೋದರು. ನವೀಕರಣದ ನೋಟಿಸ್‌ಗಳು ಅವರು ನೋಡುವುದನ್ನೇ ಬಿಟ್ಟಿದ್ದ ಇ-ಮೇಲ್‌ಗೆ ಹೋಗುತ್ತಿದ್ದವು. ಅವಧಿ ಮುಗಿದ ಮೇಲೆ ಆ ಹೆಸರನ್ನು ಬೇರೆ ಯಾರೋ ಕೊಂಡರು, ಪುಸ್ತಕಗಳಿದ್ದ ಕಡೆ ಜೂಜಿನ ಜಾಹೀರಾತು ಬಂತು. ಯಾರ ದುರುದ್ದೇಶವೂ ಅಲ್ಲಿರಲಿಲ್ಲ, ಯಾರೂ ಬರೆದಿಟ್ಟಿರಲಿಲ್ಲ ಅಷ್ಟೇ. ಆದ್ದರಿಂದ ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಇದನ್ನು ವಿಷಯಸೂಚಿಗೆ ಸೇರಿಸಿ, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಡೊಮೇನ್ ಸಂಘದ ಹೆಸರಿನಲ್ಲಿರಬೇಕು. ನೋಟಿಸ್ ಕಾರ್ಯದರ್ಶಿಯ ಹುದ್ದೆಯ ಇ-ಮೇಲ್‌ಗೆ ಬರಬೇಕು, ವ್ಯಕ್ತಿಯ ಇ-ಮೇಲ್‌ಗಲ್ಲ. ಕೊಟ್ಟ ಗುರುತನ್ನು ಮತ್ತೊಂದಕ್ಕೆ ಕೊಡುವುದಿಲ್ಲ ಎಂಬುದೂ ನಿರ್ಣಯದಲ್ಲಿರಲಿ. ಗುರುತು, ಅಕ್ಸೆಷನ್ ನಂಬರ್, ಇಂದಿನ ವಿಳಾಸ, ಈ ಮೂರು ಕಾಲಂಗಳ ಪಟ್ಟಿಯ ಪ್ರತಿಯೊಂದನ್ನು ಪ್ರತಿ ವರ್ಷ ಕಾಗದದ ಮೇಲೆ ಮುದ್ರಿಸಿ ಅದೇ ಬೀರುವಿನಲ್ಲಿಡಿ. ಮುಂದೊಮ್ಮೆ ಸರ್ವರ್ ಕೆಟ್ಟರೂ ಆ ಕಾಗದದಿಂದ ಎಲ್ಲವನ್ನೂ ಮತ್ತೆ ಕಟ್ಟಬಹುದು.

ಕಪಾಟುಗಳ ಮೇಲೆ ಕ್ಯೂಆರ್ ಚೀಟಿ ಅಂಟಿಸುವ ಯೋಚನೆ ಇದ್ದರೆ ಅದರೊಳಗೆ ಆರ್ಕ್ ಕೊಂಡಿಯನ್ನೇ ಇಡಿ. ಕೊಂಡಿ ಚಿಕ್ಕದು ಮಾಡಿಕೊಡುವ ಉಚಿತ ಸೇವೆಗಳನ್ನು ನೆಚ್ಚಬೇಡಿ. ಗೂಗಲ್ ತನ್ನ ಅಂಥ ಸೇವೆಗೆ 2019ರಲ್ಲಿ ಹೊಸ ಕೊಂಡಿ ಸೇರಿಸುವುದನ್ನು ನಿಲ್ಲಿಸಿತು, ಹಳೆಯವೂ 2025ರ ಆಗಸ್ಟ್‌ನಲ್ಲಿ ನಿಲ್ಲುತ್ತವೆ ಎಂದಿತು. ಬಳಕೆಯಲ್ಲಿರುವವನ್ನು ಉಳಿಸಿಕೊಳ್ಳುವುದಾಗಿ ಕೊನೆಗಳಿಗೆಯಲ್ಲಿ ಹೇಳಿತು ಎಂಬುದು ನಿಜ. ಆದರೆ ಅಂಥ ಗಳಿಗೆಗೆ ಕಾಯುವ ಸ್ಥಿತಿ ನಿಮಗೆ ಬೇಡ.

ಕೊನೆಯದಾಗಿ, ಈಗಾಗಲೇ ಸತ್ತಿರುವ ಕೊಂಡಿಗಳು. ಹಳೆಯ ಡೊಮೇನ್ ಇನ್ನೂ ನಿಮ್ಮ ಕೈಯಲ್ಲಿದ್ದರೆ ಅದನ್ನು ಬಿಡಬೇಡಿ, ಇನ್ನೂ ಹತ್ತು ವರ್ಷವಾದರೂ ನವೀಕರಿಸಿ. ಬಿಟ್ಟುಹೋಗಿದ್ದು ಇನ್ನೂ ಮಾರಾಟವಾಗಿರದಿದ್ದರೆ ಮರಳಿ ಪಡೆಯಿರಿ. ಹಳೆಯ ತಾಣ ಕಟ್ಟಿಕೊಟ್ಟವರ ಬಳಿ ದತ್ತಾಂಶದ ಬ್ಯಾಕಪ್ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ 412ನೆಯ ಸಾಲಿನಲ್ಲಿ ಯಾವ ಪುಸ್ತಕವಿತ್ತು ಎಂಬುದು ಸಿಗುತ್ತದೆ. ಹಳೆಯ ಸಂಖ್ಯೆ ಎಡಕ್ಕೆ, ಹೊಸ ಆರ್ಕ್ ಬಲಕ್ಕೆ ಇಟ್ಟು ಪಟ್ಟಿ ಮಾಡಿ ಹಳೆಯ ಡೊಮೇನ್‌ನ ಸರ್ವರ್‌ಗೆ ಕೊಟ್ಟರೆ, ಹಳೆಯ ಕೊಂಡಿ ಒತ್ತಿದವರೆಲ್ಲ ಹೊಸ ಪುಟಕ್ಕೆ ಬರುತ್ತಾರೆ. ಈ ಕೆಲಸ ಬಲ್ಲವರಿಗೆ ಒಂದು ದಿನದ್ದು. ಬ್ಯಾಕಪ್ ಸಿಗದಿದ್ದರೆ ಇಂಟರ್‌ನೆಟ್ ಆರ್ಕೈವ್‌ನ ಹಳೆಯ ಜಾಲಪುಟಗಳ ನಕಲು ಇಟ್ಟಿರುವ ವೇಬ್ಯಾಕ್ ಮೆಷಿನ್‌ನಲ್ಲಿ ನಿಮ್ಮ ಹಳೆಯ ವಿಳಾಸ ಹಾಕಿ ನೋಡಿ, ಪುಸ್ತಕದ ಪುಟಗಳಲ್ಲಿ ಕೆಲವಾದರೂ ಅಲ್ಲಿ ಉಳಿದಿರಬಹುದು.

ಮೂರು ಸಾವಿರಕ್ಕೂ ಒಟ್ಟಿಗೆ ಕೈಹಾಕಬೇಡಿ. ಆ ವಿದ್ಯಾರ್ಥಿನಿಗೆ ಫೋನ್ ಮಾಡಿ, ಅವರ ಅಡಿಟಿಪ್ಪಣಿಗಳಲ್ಲಿರುವ ಕೊಂಡಿಗಳ ಪಟ್ಟಿ ತರಿಸಿಕೊಂಡು, ಅವರ ಮೌಖಿಕ ಪರೀಕ್ಷೆಗೆ ಮುಂಚೆ ಅಷ್ಟನ್ನು ಸರಿಪಡಿಸಿಕೊಡಿ. ರಿಜಿಸ್ಟರಿನ ಮೊದಲ ಪುಟದಿಂದ ಉಳಿದದ್ದನ್ನು ಆಮೇಲೆ ಆರಂಭಿಸಿದರಾಯಿತು.